ಕಟ್ಟಿದವರು ಯಾರು

ಫೆಬ್ರವರಿ ೩

ಅಕ್ಕಾ,

ಕೆಟ್ಟ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಮೊನ್ನೆ ಶುಕ್ರವಾರ ಗುಬ್ಬಿಯ ಬಲಗೈ ಇಸ್ತ್ರಿ ಯಂತ್ರಕ್ಕೆ ಸಿಕ್ಕಿತು. ಮೂರು ಬೆರಳು ಹೋದವು. ಉಳಿದೆರಡನ್ನು ಉಳಿಸಬಹುದೇ ಎಂದು ಡಾಕ್ಟರು ನೋಡುತ್ತಿದ್ದಾರೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿಗೆ ಅರ್ಧ ಕೇಳಿಸುತ್ತದೆ, ಉಳಿದರ್ಧ ನೀನೇ ಊಹಿಸಿಕೊಳ್ಳುತ್ತೀಯ. ಅದಕ್ಕೇ ಈ ಕಾಗದ.

ಗುಬ್ಬಿ ನನ್ನ ಜೋಡಿ. ನಾಲ್ಕು ವರ್ಷದಿಂದ ಒಂದೇ ಯಂತ್ರದ ಮುಂದೆ ಅವಳು ಎಡಕ್ಕೆ, ನಾನು ಬಲಕ್ಕೆ. ಊರಿನ ಆಸ್ಪತ್ರೆಗಳ ಬೆಡ್‌ಶೀಟೆಲ್ಲ ನಮ್ಮ ಲಾಂಡ್ರಿಗೇ ಬರುವುದು. ಒಗೆದು ಹಿಂಡಿದ್ದನ್ನು ತಳ್ಳುಗಾಡಿಯಲ್ಲಿ ನಮ್ಮ ಮುಂದೆ ಸುರಿಯುತ್ತಾರೆ. ಒಂದು ಮೂಲೆ ಅವಳು, ಒಂದು ಮೂಲೆ ನಾನು ಹಿಡಿದು, ಜಾಡಿಸಿ, ಬಿಸಿ ರೋಲರಿನ ಬಾಯಿಗೆ ಕೊಡಬೇಕು. ರೋಲರಿನ ಮುಂದೆ ಅಡ್ಡಲಾಗಿ ಒಂದು ಕಂಬಿ ಇರುತ್ತದೆ. ಬೆರಳು ಒಳಗೆ ಹೋಗುವ ಮೊದಲು ಆ ಕಂಬಿಗೆ ತಗಲಬೇಕು, ತಗಲಿದ ಕೂಡಲೇ ರೋಲರು ನಿಲ್ಲಬೇಕು. ಅದು ಇರುವುದೇ ಅದಕ್ಕೆ.

ಆ ಯಂತ್ರದ ಮುಂದೆ ಅವಳ ಜೊತೆ ಇದ್ದದ್ದು ನಾನೊಬ್ಬಳೇ. ಆದ್ದರಿಂದ ನನ್ನ ಹೇಳಿಕೆ ಬೇಕಂತೆ. "ಚೆನ್ನಾಗಿ ಕೂಡಿಸಿ ಬರ್ಕೊಂಡು ಬನ್ನಿ, ಹೀಗೆ ಒಂದಕ್ಕೊಂದು ತಾಳೆ ಇಲ್ದಂಗೆ ಬರೆದ್ರೆ ಮೇಲಿನವರು ಓದಲ್ಲ" ಎಂದು ಆಫೀಸಿನವರು ನಾನು ಬರೆದದ್ದನ್ನು ವಾಪಸು ಕೊಟ್ಟರು. ಹನ್ನೆರಡನೇ ತಾರೀಕಿಗೆ ಕೊಡಬೇಕು. ಇಡೀ ದಿನ ಮಂದಿಯ ಬರಹ ತಿದ್ದುವ ಅಕ್ಕ ಇರುವಾಗ ನನಗೇನು ಚಿಂತೆ? ಇದೋ, ಹೀಗೆ ಬರೆದಿದ್ದೇನೆ:

"ಬೆಳಿಗ್ಗೆ ಎಂಟಕ್ಕೆ ಯಂತ್ರ ಶುರು ಮಾಡಿದೆವು. ಹಿಂದಿನ ದಿನದ ಬಟ್ಟೆ ತುಂಬಾ ಉಳಿದಿತ್ತು. ಮೇಸ್ತ್ರಿ ಎರಡು ಸಲ ಬಂದು ಹೋದರು. ಹನ್ನೊಂದಕ್ಕೆ ಒಂದು ಬೆಡ್‌ಶೀಟ್ ಸುಕ್ಕಾಯಿತು. ಕಂಬಿ ಮೇಲಕ್ಕೆ ಕಟ್ಟಿತ್ತು. ಗುಬ್ಬಿ ಸುಕ್ಕು ಬಿಡಿಸಲು ಕೈ ಮುಂದೆ ಮಾಡಿದಳು. ಕೈ ಸಿಕ್ಕಿತು. ನಾನು ಕೆಂಪು ಗುಂಡಿ ಒತ್ತಿದೆ."

ಬೇಗ ತಿದ್ದಿ ಕಳಿಸು. ನನಗೆ ಎರಡು ದಿನದಿಂದ ಅನ್ನ ಇಳಿಯುತ್ತಿಲ್ಲ.

ಮೊಂಡಿ


ಫೆಬ್ರವರಿ ೭

ಪ್ರೀತಿಯ ಮೊಂಡಿ,

ನಿನ್ನ ಕಾಗದ ಓದಿದೆ. ಆ ಹುಡುಗಿಗೆ ನನ್ನ ಪರವಾಗಿ ಧೈರ್ಯ ಹೇಳು. ನೀನೂ ಹೊಟ್ಟೆಗೆ ಏನಾದರೂ ಹಾಕಿಕೋ. ಉಪವಾಸ ಬಿದ್ದರೆ ಯಾರ ಬೆರಳೂ ವಾಪಸು ಬರುವುದಿಲ್ಲ.

ನಿನ್ನ ಹೇಳಿಕೆಯನ್ನು ತಿದ್ದಿ ಬರೆದಿದ್ದೇನೆ. ಅಕ್ಕನೆಂದ ಮೇಲೆ ನಾಲ್ಕು ಮಾತು ಬುದ್ಧಿ ಹೇಳದೆ ಬಿಡುವುದುಂಟೇ? ವಾಕ್ಯಗಳನ್ನು ಸುಮ್ಮನೆ ಸಾಲಾಗಿ ನಿಲ್ಲಿಸಿದರೆ ಅದು ಬರಹವಾಗುವುದಿಲ್ಲ, ಬಸ್ ಸ್ಟಾಪಾಗುತ್ತದೆ. ಒಬ್ಬರಿಗೊಬ್ಬರು ಗುರುತಿಲ್ಲ, ಎಲ್ಲರೂ ಬೇರೆ ಬೇರೆ ಕಡೆ ನೋಡುತ್ತಾ ನಿಂತಿರುತ್ತಾರೆ. ಹಿಂದಿನ ವಾಕ್ಯಕ್ಕೂ ಮುಂದಿನದಕ್ಕೂ ಏನು ನಂಟು ಎಂದು ತೋರಿಸಬೇಕು. ಇದು ಅದಕ್ಕೆ ಕಾರಣವೋ, ಅದರ ನಂತರ ನಡೆದದ್ದೋ, ಅದಕ್ಕೆ ವಿರುದ್ಧವೋ? ನಿನ್ನ ಐದನೇ ವಾಕ್ಯವಂತೂ ದಾರಿ ತಪ್ಪಿ ಯಾರದೋ ಮನೆಗೆ ಬಂದ ನೆಂಟನ ಹಾಗೆ ನಿಂತಿತ್ತು. ಅದಕ್ಕೊಂದು ಜಾಗ ಮಾಡಿಕೊಟ್ಟಿದ್ದೇನೆ ನೋಡು:

"ಬೆಳಿಗ್ಗೆ ಎಂಟಕ್ಕೆ ಯಂತ್ರವನ್ನು ಆರಂಭಿಸಿದೆವು. ಹಿಂದಿನ ದಿನದ ಬಟ್ಟೆ ಬಹಳ ಉಳಿದಿದ್ದುದರಿಂದ ಮೇಸ್ತ್ರಿಯವರು ಎರಡು ಬಾರಿ ಬಂದು ವಿಚಾರಿಸಿದರು. ಹನ್ನೊಂದು ಗಂಟೆಗೆ ಒಂದು ಬೆಡ್‌ಶೀಟ್ ಸುಕ್ಕಾದ ಕಾರಣ, ಅದನ್ನು ಬಿಡಿಸಲು ಗುಬ್ಬಿಯು ಕಂಬಿಯನ್ನು ಮೇಲಕ್ಕೆ ಕಟ್ಟಿ ಕೈಯನ್ನು ಮುಂದೆ ಮಾಡಿದಳು. ಆದ್ದರಿಂದ ಕೈ ಸಿಕ್ಕಿತು. ತಕ್ಷಣ ನಾನು ಕೆಂಪು ಗುಂಡಿಯನ್ನು ಒತ್ತಿದೆ."

ಈಗ ಓದು, ನೀರು ಹರಿದ ಹಾಗೆ ಹರಿಯುತ್ತದೆ. ಇದನ್ನೇ ನಿನ್ನ ಕೈಯಲ್ಲಿ ನಕಲು ಮಾಡಿ ಕೊಟ್ಟುಬಿಡು. ಎಂಟನೇ ತರಗತಿ ಪುಸ್ತಕದ ಕರಡು ಮೇಜಿನ ತುಂಬಾ ಹರಡಿದೆ, ಹೆಚ್ಚು ಬರೆಯಲು ಹೊತ್ತಿಲ್ಲ.

ನಿನ್ನ ಅಕ್ಕ


ಫೆಬ್ರವರಿ ೨೪

ಅಕ್ಕ,

ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ. ಅಲ್ಲಿರುವಂತೆಯೇ ಬರೆಯುತ್ತೇನೆ. "ಪ್ರತ್ಯಕ್ಷ ಸಾಕ್ಷಿಯ ಲಿಖಿತ ಹೇಳಿಕೆಯ ಪ್ರಕಾರ, ಗಾಯಗೊಂಡ ಕೆಲಸಗಾರ್ತಿಯೇ ಸುರಕ್ಷಾ ಕಂಬಿಯನ್ನು ಮೇಲಕ್ಕೆ ಕಟ್ಟಿದ್ದರಿಂದ ಅಪಘಾತ ಸಂಭವಿಸಿದೆ. ಆದ್ದರಿಂದ ಅವರನ್ನು ಕೆಲಸದಿಂದ ತೆಗೆಯಲಾಗಿದೆ."

ಕಂಬಿ ಕಟ್ಟಿದ್ದು ಗುಬ್ಬಿ ಅಂತ ನಿನಗೆ ಯಾರು ಹೇಳಿದರು? ನಾನು ಬರೆದದ್ದರಲ್ಲಿ ಎಲ್ಲಿತ್ತು ಅದು? ನೀನು ಓದುವವರಿಗೆ ಸುಖವಾಗಲಿ ಅಂತ ಒಂದು ಗಂಟು ಹಾಕಿದೆ, ಆ ಗಂಟು ಅವಳ ಕುತ್ತಿಗೆಗೆ ಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮೇಸ್ತ್ರಿ "ಬಂದು ವಿಚಾರಿಸಿದರು" ಅಂತೆ. ವಿಚಾರಿಸಿದನೇ ಅವನು? ನಾನು ಬಂದು ಹೋದರು ಅಂದಿದ್ದೆ, ನೀನು ಅವನನ್ನು ಮಾವನ ಮನೆ ಹಿರಿಯನನ್ನಾಗಿ ಮಾಡಿಬಿಟ್ಟೆ.

ನೀನು ತಿದ್ದಿದ್ದೀಯ ಅಂದ ಮೇಲೆ ಸರಿಯಾಗಿರುತ್ತದೆ ಎಂದು ನಾನು ಓದದೆ ನಕಲು ಮಾಡಿ ಸಹಿ ಹಾಕಿದೆ. ಆಸ್ಪತ್ರೆಗೆ ಹೋದರೆ ಗುಬ್ಬಿಯ ಅಮ್ಮ ಬಾಗಿಲಲ್ಲೇ ತಡೆದರು. "ನಾಲ್ಕು ವರ್ಷ ನನ್ನ ಮಗಳ ಡಬ್ಬಿಯಲ್ಲೇ ಊಟ ಮಾಡ್ದೆ. ಬೇರೆ ಯಾರೂ ಸಿಗಲಿಲ್ವಾ ನಿಂಗೆ?" ಅಂದರು. ನಾನು ಏನು ಹೇಳಲಿ? ನಮ್ಮ ಅಕ್ಕನಿಗೆ ವ್ಯಾಕರಣ ಚೆನ್ನಾಗಿ ಬರುತ್ತೆ ಅಂತಲಾ?

ಇನ್ನು ಮೇಲೆ ನನ್ನದೊಂದು ಅಕ್ಷರವನ್ನೂ ತಿದ್ದಬೇಡ.


ಫೆಬ್ರವರಿ ೨೮

ಮೊಂಡಿ,

ಸಹಿಯನ್ನೂ ಹಾಕದೆ ಕಳಿಸಿದ ನಿನ್ನ ಕಾಗದ ತಲುಪಿತು.

ತಪ್ಪೆಲ್ಲ ನನ್ನ ತಲೆಗೆ ಕಟ್ಟುವ ಮೊದಲು ನಿನ್ನ ಐದನೇ ವಾಕ್ಯವನ್ನು ಇನ್ನೊಮ್ಮೆ ಓದು. "ಕಂಬಿ ಮೇಲಕ್ಕೆ ಕಟ್ಟಿತ್ತು." ತನ್ನಷ್ಟಕ್ಕೆ ತಾನೇ ಕಟ್ಟಿಕೊಂಡಿತೇ? ಕಟ್ಟಿದವರಿಲ್ಲದ ವಾಕ್ಯ ಬರೆದವಳು ನೀನು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಬರೆದು, ಓದಿದವರು ತಪ್ಪು ತಿಳಿದರು ಎಂದರೆ ಹೇಗೆ? ಹಿಂದೆ ಸುಕ್ಕು, ಮುಂದೆ ಗುಬ್ಬಿ, ನಡುವೆ ಆ ಕಂಬಿ. ಯಾರು ಓದಿದರೂ ನಾನು ತಿಳಿದಂತೆಯೇ ತಿಳಿಯುತ್ತಿದ್ದರು.

ಒಂದೇ ಪ್ರಶ್ನೆ. ಕಂಬಿ ಕಟ್ಟಿದವರು ಯಾರು?

ಅಕ್ಕ


ಮಾರ್ಚ್ ೯

ಪ್ರೀತಿಯ ಮೊಂಡಿ,

ಹತ್ತು ದಿನವಾಯಿತು, ನಿನ್ನಿಂದ ಉತ್ತರವಿಲ್ಲ. ಹೋದ ಕಾಗದದಲ್ಲಿ ನಾನು ವಕೀಲಳ ಹಾಗೆ ಬರೆದೆ. ಅಕ್ಕನ ಹಾಗೆ ಬರೆಯಬೇಕಿತ್ತು.

ನಿಜ ಹೇಳುತ್ತೇನೆ ಕೇಳು. ನಿನ್ನ ಹೇಳಿಕೆಯನ್ನು ನಾನು ತಿದ್ದಿದ್ದು ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಇಪ್ಪತ್ತು ನಿಮಿಷದಲ್ಲಿ. ಬೇರೆ ಯಾರ ಬರಹವಾಗಿದ್ದರೂ ಆ ವಾಕ್ಯದ ಪಕ್ಕದಲ್ಲಿ "ಯಾರು?" ಎಂದು ಕೆಂಪು ಪೆನ್ಸಿಲಿನಲ್ಲಿ ಬರೆದು ವಾಪಸು ಕಳಿಸುತ್ತಿದ್ದೆ. ಇಪ್ಪತ್ತಾರು ವರ್ಷ ಹಾಗೇ ಮಾಡಿದ್ದೇನೆ. ನಿನ್ನದೆಂದು ಕೇಳಲಿಲ್ಲ. ತಂಗಿಯ ಮಾತು ನನಗೆ ಗೊತ್ತು ಎಂದುಕೊಂಡೆ. ಕೇಳಿದ್ದರೆ ಟಪಾಲು ಹೋಗಿ ಬರಲು ಎಂಟು ದಿನ ಹಿಡಿದು ಹೇಳಿಕೆ ತಡವಾಗುತ್ತಿತ್ತು, ಅಷ್ಟೇ.

ಇಲ್ಲಿ ನಾನು ಈಗ ತಿದ್ದುತ್ತಿರುವ ಪಾಠ ಯಾವುದು ಗೊತ್ತೇ? "ವಾಕ್ಯಗಳ ಸಂಬಂಧ". ಅಭ್ಯಾಸದಲ್ಲಿ ಹೀಗಿದೆ: "ಅವನು ಬಂದನು. ಅವಳು ಎದ್ದು ಹೋದಳು. ಈ ವಾಕ್ಯಗಳನ್ನು ಸೂಕ್ತವಾಗಿ ಸೇರಿಸಿ." ಎಷ್ಟೋ ವರ್ಷದಿಂದ ಮಕ್ಕಳು ಸೇರಿಸುತ್ತಲೇ ಬಂದಿದ್ದಾರೆ. ಬಂದ ಮೇಲೆ ಎದ್ದು ಹೋದಳು ಎಂದರೆ ಬರೀ ಗಡಿಯಾರದ ಲೆಕ್ಕ. ಬಂದದ್ದರಿಂದ ಎದ್ದು ಹೋದಳು ಎಂದರೆ ಜಗಳ. ಬಂದರೂ ಎದ್ದು ಹೋದಳು ಎಂದರೆ ಇನ್ನೂ ದೊಡ್ಡ ಜಗಳ. ಎರಡು ವಾಕ್ಯ ಅವೇ, ಸಂಸಾರ ಮಾತ್ರ ಮೂರು. ಅವಳು ಯಾಕೆ ಎದ್ದು ಹೋದಳೆಂದು ಆ ಮಗುವಿಗೆ ಹೇಗೆ ಗೊತ್ತಾಗಬೇಕು? ನಾನು ಪಾಠದ ಕೊನೆಗೆ ಒಂದು ಸಾಲು ಸೇರಿಸಿದೆ: "ಸಂಬಂಧ ಏನೆಂದು ತಿಳಿಯದಿದ್ದರೆ ಸೇರಿಸಬೇಡಿ, ಬರೆದವರನ್ನು ಕೇಳಿ." ಸಂಪಾದಕರು ಅದನ್ನು ಹೊಡೆದುಹಾಕಿ, "ಮಕ್ಕಳಿಗೆ ಗೊಂದಲ ಆಗುತ್ತೆ, ಪರೀಕ್ಷೆಗೆ ಉತ್ತರ ಒಂದೇ ಇರ್ಬೇಕು" ಅಂದರು. ನಾನು ಹೊಡೆದದ್ದರ ಪಕ್ಕ "ಇದು ಇರಲೇಬೇಕು" ಎಂದು ಬರೆದು, ಸಹಿ ಹಾಕಿ ವಾಪಸು ಕಳಿಸಿದ್ದೇನೆ.

ಮೊಂಡಿ ಎಂದು ನಿನಗೆ ಹೆಸರಿಟ್ಟವಳು ನಾನು. ನನಗೆ ಯಾರು ಇಡಬೇಕಿತ್ತೋ.

ನಿನ್ನ ಪ್ರಶ್ನೆಗೆಲ್ಲ ಉತ್ತರ ಕೊಟ್ಟಿದ್ದೇನೆ. ನನ್ನ ಪ್ರಶ್ನೆ ಹಾಗೇ ಇದೆ. ಯಾವಾಗ ಆಗುತ್ತದೋ ಆಗ ಬರೆ.

ನಿನ್ನ ಅಕ್ಕ


ಮಾರ್ಚ್ ೧೫

ಅಕ್ಕಾ,

ಕಟ್ಟಿದವಳು ನಾನು.

ಮೂರು ಸಲ ಈ ಕಾಗದ ಶುರು ಮಾಡಿ ಹರಿದೆ. ಪ್ರತಿ ಸಲವೂ ಆ ಮಾತಿಗೆ ಮುಂಚೆ ಹತ್ತು ಮಾತು ಬರುತ್ತಿದ್ದವು. ಈ ಸಲ ಅದನ್ನೇ ಮೊದಲು ಬರೆದಿದ್ದೇನೆ.

ಆ ದಿನ ಬೆಳಿಗ್ಗೆ ರೋಲರು ಮತ್ತೆ ಮತ್ತೆ ನಿಲ್ಲುತ್ತಿತ್ತು. ಒದ್ದೆ ಬಟ್ಟೆಯ ಮಡಿಕೆ ತಗಲಿದರೂ ಸಾಕು, ಕಂಬಿ ಅಲುಗಾಡಿ ಯಂತ್ರ ನಿಂತುಬಿಡುವುದು. ಮೇಸ್ತ್ರಿ ಮೊದಲ ಸಲ ಬಂದು ಬೈದು ಹೋದ. ಎರಡನೇ ಸಲ ಬಂದು, "ಕಟ್ಟಿಹಾಕು ಅದನ್ನ ಮೇಲಕ್ಕೆ. ನಿಮ್ಮ ನಾಜೂಕು ಸಾಕು" ಅಂದ. ಕಟ್ಟಲು ಹಳೆಯ ಬೆಡ್‌ಶೀಟಿನ ಪಟ್ಟಿಯನ್ನೂ ಅವನೇ ಹರಿದುಕೊಟ್ಟ. ನಾನು ಸ್ಟೂಲು ಹತ್ತಿ ಎರಡು ತುದಿಯಲ್ಲೂ ಕಟ್ಟಿದೆ. ಗಟ್ಟಿಯಾಗಿಯೇ ಕಟ್ಟಿದೆ. ನನ್ನ ಕೆಲಸದಲ್ಲಿ ಯಾವತ್ತೂ ಸಡಿಲ ಇರುವುದಿಲ್ಲ ಅಂತ ನೀನೇ ಹೇಳುತ್ತೀಯಲ್ಲ.

ಇನ್ನೊಂದೂ ಇದೆ. ಓದದೆ ಸಹಿ ಹಾಕಿದೆ ಎಂದಿದ್ದೆ. ಸುಳ್ಳು. ಓದಿದ್ದೆ. "ಗುಬ್ಬಿಯು ಕಂಬಿಯನ್ನು ಮೇಲಕ್ಕೆ ಕಟ್ಟಿ" ಎನ್ನುವಲ್ಲಿ ನನ್ನ ಪೆನ್ನು ನಿಂತಿತು. ಅಕ್ಕನೇ ಬರೆದಿದ್ದಾಳೆ, ನಾನಲ್ಲ ಅಂದುಕೊಂಡೆ. ನಿನ್ನ ಆ ಒಂದು ವಾಕ್ಯದ ಹಿಂದೆ ನಾನು ಪೂರ್ತಿ ಅಡಗಿಕೊಳ್ಳುವಷ್ಟು ಜಾಗ ಇತ್ತು. ಆಮೇಲೆ ನಿನ್ನ ಮೇಲೆ ಕೂಗಾಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ನಿನ್ನೆ ಗುಬ್ಬಿಯ ಅಮ್ಮ ಇಲ್ಲದ ಹೊತ್ತು ನೋಡಿ ಆಸ್ಪತ್ರೆಗೆ ಹೋದೆ. ಮಂಚದ ಪಕ್ಕ ನಿಂತು ಹೇಳಿದೆ. ಅವಳು ಕಿಟಕಿಯ ಕಡೆಯೇ ನೋಡುತ್ತಿದ್ದಳು.

"ನೀನು ಕಟ್ಟಿದ್ದು ನಾನು ನೋಡ್ಲಿಲ್ವಾ? ಪಕ್ಕದಲ್ಲೇ ನಿಂತಿದ್ದೆ. ಸ್ಟೂಲು ಹಿಡ್ಕೊಂಡಿದ್ದೋಳು ನಾನೇ" ಅಂದಳು.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ಆಫೀಸಿನವರು ಬಂದಾಗ ಹೇಳ್ದೆ. ಅವರು ಬರ್ಕೊಳ್ಳಲಿಲ್ಲ."

ನಾನು ಅತ್ತೆ. ಅವಳಿಗೆ ಸಿಟ್ಟು ಬಂತು. "ಇಲ್ಲಿ ಅಳಬೇಡ. ನನಗೆ ಗೊತ್ತಿರೋದನ್ನ ನನಗೇ ಹೇಳಿ ಏನು ಪ್ರಯೋಜನ? ಅಲ್ಲಿ ಹೋಗಿ ಹೇಳು. ಅದಾದ್ಮೇಲೆ ಬೇಕಾದ್ರೆ ಬಾ" ಅಂದಳು. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಅಲ್ಲಿಂದ ನೇರವಾಗಿ ಕಾರ್ಮಿಕ ಇಲಾಖೆಗೆ ಹೋಗಿ ಅರ್ಜಿ ಕೊಟ್ಟು ಬಂದೆ. ಇಪ್ಪತ್ತೇಳಕ್ಕೆ ಇಲಾಖೆಯ ತನಿಖಾಧಿಕಾರಿ ಲಾಂಡ್ರಿಗೇ ಬಂದು ವಿಚಾರಣೆ ಮಾಡುತ್ತಾರಂತೆ. ನನ್ನದೇ ಕೈಬರಹ, ನನ್ನದೇ ಸಹಿ ಇರುವ ಹೇಳಿಕೆಯನ್ನು ಹೇಗೆ ಅಲ್ಲಗಳೆಯುತ್ತೀ ಎಂದು ಕಂಪನಿಯವರು ಈಗಲೇ ನಗುತ್ತಿದ್ದಾರೆ. ನಗಲಿ. ಕೆಲಸ ಹೋದರೂ ಹೋಗಲಿ. ಒಬ್ಬಳ ಕೈ ಹೋಗಿರುವಾಗ ನನ್ನ ಕೆಲಸವೇನು ದೊಡ್ಡದು?

ನೀನು ಮಾತ್ರ ಇದರಲ್ಲಿ ಬರಬೇಡ. ಸಾಕ್ಷಿಯ ಮಾತು ತಿರುಗಿಸಿದವಳು ಎಂದು ಗೊತ್ತಾದರೆ ನಿನಗೆ ಪುಸ್ತಕ ತಿದ್ದಲು ಯಾರು ಕೊಡುತ್ತಾರೆ?

ಮೊಂಡಿ


ಮಾರ್ಚ್ ೨೦

ಪ್ರೀತಿಯ ಮೊಂಡಿ,

ನಿನ್ನ ಮೊದಲ ವಾಕ್ಯವನ್ನು ಮತ್ತೆ ಮತ್ತೆ ಓದಿದೆ. ಎರಡೇ ಪದದ ವಾಕ್ಯ. ತಿದ್ದಲು ನನಗೇನೂ ಸಿಗಲಿಲ್ಲ.

ಬರಬೇಡ ಎಂದಿದ್ದೀಯ. ನಾನು ಬಂದರೂ ಅಧಿಕಾರಿ ಕೇಳುವ ಪ್ರಶ್ನೆ ನನಗೆ ಕೇಳಿಸುವುದಿಲ್ಲ, ಏನೋ ಕೇಳಿದರೆ ಏನೋ ಹೇಳಿ ನಿನ್ನ ಕೆಲಸ ಕೆಡಿಸಿಯೇನು. ಆದರೆ ಕಾಗದಕ್ಕೆ ಕಿವುಡಿಲ್ಲ. ಇದರ ಜೊತೆ ನೀನು ಮೊದಲು ಕಳಿಸಿದ ಹೇಳಿಕೆ ಇದೆ, ನನ್ನ ಕೆಂಪು ಗೆರೆಗಳ ಸಮೇತ. ತಿದ್ದಿದ ಮೇಲೆ ಮೂಲ ಪ್ರತಿಯನ್ನು ಎಸೆಯುವುದಿಲ್ಲ ನಾನು, ಅದು ನಮ್ಮ ಕಸುಬಿನ ಚಟ. ಜೊತೆಗೆ ನನ್ನ ಸಹಿ ಮಾಡಿದ ಒಂದು ಪುಟ. ನೀನು ಓದುವುದು ಬೇಡ, ಮುಚ್ಚಿದ ಲಕೋಟೆಯನ್ನು ಹಾಗೇ ಅಧಿಕಾರಿಯ ಕೈಗೆ ಕೊಡು.

ಕಳಿಸುವ ಮೊದಲು ಸಂಪಾದಕರಿಗೆ ತಿಳಿಸಿದೆ. ಕದ್ದುಮುಚ್ಚಿ ಮಾಡುವ ಕೆಲಸವಲ್ಲ ಇದು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪಾಪ, ನನಗೆ ಕೇಳಿಸಲಿ ಎಂದು ಜೋರಾಗಿ ಮಾತಾಡಿದ್ದರಿಂದ ಇಡೀ ಮುದ್ರಣಾಲಯಕ್ಕೇ ಕೇಳಿಸಿತು.

"ನೀವೇ ಅರ್ಥ ಬದಲಾಯಿಸಿದೆ ಅಂತ ಬರೆದುಕೊಟ್ರೆ, ನಾಳೆ ನಮ್ಮ ಪುಸ್ತಕಗಳನ್ನ ಯಾರು ನಂಬ್ತಾರೆ ಮೇಡಂ?"

"ಬರೆದುಕೊಡದಿದ್ರೆ ನನ್ನನ್ನ ನಾನೇ ನಂಬಲ್ಲ ಸಾರ್."

"ಅದು ನಿಮ್ಮ ಸಂತೋಷ. ಪಠ್ಯಪುಸ್ತಕ ಮಾತ್ರ ಇನ್ನು ನಿಮ್ಮ ಮೇಜಿಗೆ ಬರಲ್ಲ."

"ಬರದೇ ಇರ್ಲಿ" ಎಂದು ಎದ್ದು ಬಂದೆ.

ಅಲ್ಲಿ ನೀನು ಹೇಳಿದ್ದನ್ನು ಅವರು ಬರೆದುಕೊಂಡ ಮೇಲೆ ಓದಿಸಿ ಕೇಳು. ನೀನು ಹೇಳದ ಒಂದು ಪದ ನಡುವೆ ಬಂದು ಕೂತಿದ್ದರೂ ಎಬ್ಬಿಸಿ ಕಳಿಸು. ಅಲ್ಲಿಯವರೆಗೆ ಪೆನ್ನು ಮುಟ್ಟಬೇಡ.

ನಿನ್ನ ಅಕ್ಕ


ಮಾರ್ಚ್ ೨೯

ಅಕ್ಕಾ,

ನಿನ್ನ ಜೊತೆ ಮಾತಾಡಿದಷ್ಟು ಸಲೀಸಾಗಿ ಎಲ್ಲವನ್ನೂ ಬರೆಯುತ್ತೇನೆ, ಉದ್ದವಾದರೆ ಬೇಸರಪಡಬೇಡ.

ವಿಚಾರಣೆ ಊಟದ ಕೋಣೆಯಲ್ಲಿ ನಡೆಯಿತು. ತನಿಖಾಧಿಕಾರಿ ಹೆಂಗಸು. ನೆಗಡಿಯಾಗಿತ್ತು, ಕರವಸ್ತ್ರ ಕೈಯಲ್ಲೇ ಇತ್ತು. ಒಂದು ಕಡೆ ಮೇಸ್ತ್ರಿ, ಮ್ಯಾನೇಜರು, ಅವರ ವಕೀಲರು. ಇನ್ನೊಂದು ಕಡೆ ನಾನು. ಗುಬ್ಬಿ ಕೈಗೆ ಬಿಳಿ ಪಟ್ಟಿ ಸುತ್ತಿಕೊಂಡು ಅಮ್ಮನ ಜೊತೆ ಗೋಡೆಯ ಹತ್ತಿರ ಕೂತಿದ್ದಳು.

ನಾನು ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದೆ. ವಕೀಲರು ನಕ್ಕರು. "ಅಂದ್ರೆ ಫೆಬ್ರವರಿಯಲ್ಲಿ ಸುಳ್ಳು, ಮಾರ್ಚಿನಲ್ಲಿ ನಿಜ. ಎರಡಕ್ಕೂ ನಿಮ್ಮದೇ ಬಾಯಿ. ಯಾವುದನ್ನಮ್ಮ ನಂಬೋದು?"

"ಸುಳ್ಳಿನಿಂದ ನಂಗೆ ಲಾಭ ಇತ್ತು ಸಾರ್. ನಿಜದಿಂದ ಕೆಲಸ ಹೋಗುತ್ತೆ. ನೀವೇ ತೂಗಿ ನೋಡಿ" ಅಂದೆ. ಎಲ್ಲಿಂದ ಬಂತೋ ಆ ಮಾತು!

ಆಗ ನಿನ್ನ ಲಕೋಟೆ ಕೊಟ್ಟೆ. ಅಧಿಕಾರಿ ನನ್ನ ಮೊದಲ ಹೇಳಿಕೆಯನ್ನೂ ಕಂಪನಿಗೆ ಕೊಟ್ಟದ್ದನ್ನೂ ಅಕ್ಕಪಕ್ಕ ಇಟ್ಟುಕೊಂಡು ಬೆರಳಿಟ್ಟು ಓದಿದರು. ನಿನ್ನ ಪುಟವನ್ನು ಗಟ್ಟಿಯಾಗಿ ಓದಿದರು. "ಇದರಲ್ಲಿ 'ಗುಬ್ಬಿಯು ಕಟ್ಟಿ' ಎಂಬ ಮಾತು ನನ್ನದು. 'ಆದ್ದರಿಂದ' ಎಂಬ ಮಾತು ನನ್ನದು. ನಾನು ಅಲ್ಲಿರಲಿಲ್ಲ. ನಾನು ನೋಡಲಿಲ್ಲ. ನಾನು ಕೇಳಲೂ ಇಲ್ಲ." ಇಷ್ಟು ಓದಿ ಮೂಗು ಒರೆಸಿಕೊಂಡರು. ನೆಗಡಿಯೇ ಇರಬೇಕು. ಗುಬ್ಬಿಯ ಅಮ್ಮ ಮೊದಲ ಸಲ ನನ್ನ ಕಡೆ ತಿರುಗಿ ನೋಡಿದರು.

ಮೇಸ್ತ್ರಿ ಒಪ್ಪುತ್ತಾನೆಯೇ? "ಬಟ್ಟೆ ಬೇಗ ಮುಗ್ಸಿ ಅಂದೆ ಮೇಡಂ. ಇವಳು ಅದಕ್ಕೆ ಕಂಬಿ ಕಟ್ಟಿದ್ರೆ ನಾನೇನು ಮಾಡ್ಲಿ?" ಅಂದ. ಅಕ್ಕ, ಅವನೂ ನಿನ್ನ ಹಾಗೇ ಎರಡು ವಾಕ್ಯದ ನಡುವೆ ತನಗೆ ಬೇಕಾದ್ದನ್ನು ತುಂಬುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. "ಮೇಡಂ, ನಮ್ಮ ಯಂತ್ರ ಒಂದನ್ನೇ ನೋಡ್ಬೇಡಿ, ನಾಲ್ಕನ್ನೂ ನೋಡಿ" ಅಂದೆ. ಅವರು ಕೂಡಲೇ ಎದ್ದರು. ಮ್ಯಾನೇಜರು "ಈಗ ಯಂತ್ರ ಓಡ್ತಿದೆ, ಬಿಸಿ ಇರುತ್ತೆ" ಅಂದರೂ ಕೇಳಲಿಲ್ಲ. ನಾಲ್ಕು ಯಂತ್ರದ ಕಂಬಿಗಳೂ ಈಗ ಕೆಳಗೇ ಇದ್ದವು, ತೊಳೆದು ಒರೆಸಿಟ್ಟಿದ್ದರು. ಆದರೆ ಎರಡೂ ತುದಿಯಲ್ಲಿ, ಪಟ್ಟಿ ಕಟ್ಟುತ್ತಿದ್ದ ಕಡೆ, ಹಸಿರು ಬಣ್ಣ ಸವೆದು ಕಬ್ಬಿಣ ಹೊಳೆಯುತ್ತಿತ್ತು. ನಾಲ್ಕರಲ್ಲೂ ಹಾಗೇ.

"ಒಂದು ದಿನ ಕಟ್ಟಿದ್ರೆ ಬಣ್ಣ ಹೀಗೆ ಹೋಗುತ್ತಾ?" ಎಂದು ಅಧಿಕಾರಿ ಕೇಳಿದರು. ಮೇಸ್ತ್ರಿ ಮ್ಯಾನೇಜರ ಮುಖ ನೋಡಿದ. ಮ್ಯಾನೇಜರು ತಮ್ಮ ಬೂಟು ನೋಡಿಕೊಂಡರು. ಆಗ ಮೂರನೇ ಯಂತ್ರದ ದೊಡ್ಡಮ್ಮ, ನಿವೃತ್ತಿಗೆ ಐದು ತಿಂಗಳಿರುವವಳು, ಯಾರೂ ಕೇಳದೆಯೇ ಹೇಳಿದಳು: "ಎರಡು ವರ್ಷದಿಂದ ಬಟ್ಟೆ ಜಾಸ್ತಿ ಬಂದಾಗೆಲ್ಲ ಕಟ್ಟಿಸ್ತಿದ್ದಾರೆ ತಾಯೀ. ಇಲಾಖೆಯೋರು ಬರೋ ದಿನ ಬಿಚ್ಚಿಸ್ತಾರೆ."

ಮತ್ತೆ ಊಟದ ಕೋಣೆಗೆ ಬಂದೆವು. ಗುಮಾಸ್ತ ನನ್ನ ಹೇಳಿಕೆ ಬರೆದು ಸಹಿಗೆ ತಳ್ಳಿದ. ಓದಿ ಅಂದೆ. ಗೊಣಗಿಕೊಂಡು ಓದಿದ: "ಸಾಕ್ಷಿಯು ಕಂಬಿಯನ್ನು ಕಟ್ಟಿದ್ದರಿಂದ ಅಪಘಾತವಾಯಿತು. ಮೇಸ್ತ್ರಿಯವರು ಕಟ್ಟಲು ಹೇಳಿದ್ದರೆಂದು ಸಾಕ್ಷಿಯು ತಿಳಿಸುತ್ತಾಳೆ."

"ಹೀಗಲ್ಲ" ಅಂದೆ.

"ನೀವು ಹೇಳಿದ್ದೆಲ್ಲ ಇದೆಯಲ್ಲಮ್ಮ?"

"ಇದೆ. ಆದ್ರೆ ಜಾಗ ತಪ್ಪಿದೆ. ಅವರು ಹೇಳಿದ್ದು ಮೊದಲು, ನಾನು ಕಟ್ಟಿದ್ದು ಆಮೇಲೆ. ಅವರನ್ನ ಬಾಲಕ್ಕೆ ಹಾಕ್ಬೇಡಿ. 'ಮೇಸ್ತ್ರಿ ಕಟ್ಟು ಅಂದರು. ಪಟ್ಟಿ ಹರಿದುಕೊಟ್ಟರು. ನಾನು ಕಟ್ಟಿದೆ.' ಹಾಗೆ ಬರೀರಿ."

"ಬಿಡಿಬಿಡಿಯಾಗಿ ಕಾಣುತ್ತೆ."

"ಕಾಣಲಿ."

ಅವನು ಅಧಿಕಾರಿಯ ಕಡೆ ನೋಡಿದ. "ಅವಳು ಹೇಳಿದ ಹಾಗೇ ಬರೀರಿ" ಅಂದರು ಅವರು. ನಾಲ್ಕು ಸಲ ಬರೆಸಿದೆ ಅಕ್ಕ. ನಾಲ್ಕನೇ ಸಲಕ್ಕೆ ಸಹಿ ಹಾಕಿದೆ.

ಹೊರಗೆ ಬಂದಾಗ ಗುಬ್ಬಿ ನನ್ನ ಜೊತೆ ಗೇಟಿನವರೆಗೆ ನಡೆದಳು. ಮಾತಾಡಲಿಲ್ಲ. ಆದರೂ ಎಡಕ್ಕೇ ನಡೆದಳು.

ಮೊಂಡಿ


ಏಪ್ರಿಲ್ ೮

ಪ್ರೀತಿಯ ಮೊಂಡಿ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಮೇಸ್ತ್ರಿಯನ್ನು ನನಗೆ ಹೋಲಿಸಿದ್ದು ಚುಚ್ಚಿತು. ಚುಚ್ಚಲಿ, ಸರಿಯಾಗಿಯೇ ಬರೆದಿದ್ದೀಯ.

"ಆದರೂ ಎಡಕ್ಕೇ ನಡೆದಳು" ಎಂದಿದ್ದೀಯಲ್ಲ, ಆ "ಆದರೂ" ನಿನ್ನದೇ, ನಾನು ಕಲಿಸಿದ್ದಲ್ಲ. ಅದನ್ನು ಮುಟ್ಟಲು ನನಗೆ ಮನಸ್ಸಾಗಲಿಲ್ಲ.

ನನ್ನ ಮೇಜು ಬದಲಾಗಿದೆ. ಈಗ ಬಸ್ಸಿನ ವೇಳಾಪಟ್ಟಿ ತಿದ್ದುತ್ತೇನೆ. ಅಲ್ಲಿ ಸೇರಿಸುವುದಕ್ಕೂ ಬಿಡಿಸುವುದಕ್ಕೂ ಏನಿಲ್ಲ. ಬಸ್ಸು ಬರುತ್ತದೆ, ಹೋಗುತ್ತದೆ. ಪಾಠದ ಕೊನೆಯ ನನ್ನ ಸಾಲನ್ನು ಅಳಿಸಿ ಅಚ್ಚು ಹಾಕಿಬಿಟ್ಟರಂತೆ. ನಾನು ಪಠ್ಯಪುಸ್ತಕ ಸಮಿತಿಗೇ ನೇರವಾಗಿ ಬರೆದಿದ್ದೇನೆ. ಉತ್ತರ ಬರದಿದ್ದರೆ ಮತ್ತೆ ಬರೆಯುತ್ತೇನೆ. ನನಗೆ ಕಿವಿ ಕೇಳಿಸದು, ಆದ್ದರಿಂದ ಅವರು ಬೇಡವೆಂದರೂ ನನಗೆ ಕೇಳಿಸುವುದಿಲ್ಲ! ಈ "ಆದ್ದರಿಂದ" ಸರಿಯಾಗಿದೆ ತಾನೇ?

ಆದೇಶ ಬಂದ ಕೂಡಲೇ ತಿಳಿಸು.

ನಿನ್ನ ಅಕ್ಕ


ಏಪ್ರಿಲ್ ೨೬

ಅಕ್ಕಾ,

ಆದೇಶ ಬಂತು. ಗುಬ್ಬಿಯದು ಏನೂ ತಪ್ಪಿಲ್ಲ. ಅವಳನ್ನು ವಾಪಸು ಕೆಲಸಕ್ಕೆ ತೆಗೆದುಕೊಳ್ಳಬೇಕು, ಕೈಗೆ ಒಗ್ಗುವ ಕೆಲಸ ಕೊಡಬೇಕು, ಚಿಕಿತ್ಸೆಯೆಲ್ಲ ಕಂಪನಿಯದು. ಕಂಬಿಗಳಿಗೆ ಬೀಗದ ಹಾಗೆ ಒಂದು ಕೊಂಡಿ ಹಾಕಿದ್ದಾರೆ, ಇನ್ನು ಕಟ್ಟಲು ಬರುವುದಿಲ್ಲ. ಮೇಸ್ತ್ರಿಯನ್ನು ಬೇರೆ ಕಡೆ ಹಾಕಿದ್ದಾರೆ, ಅಷ್ಟೇ. ನನ್ನನ್ನು ಯಂತ್ರದಿಂದ ತೆಗೆದು ಕೊಳೆ ಬಟ್ಟೆ ವಿಂಗಡಿಸಲು ಹಾಕಿದ್ದಾರೆ. ನಾತ ಹೊಡೆಯುತ್ತದೆ. ಆದರೆ ರಾತ್ರಿ ನಿದ್ದೆ ಬರುತ್ತದೆ.

ಎಲ್ಲ ಮುಗಿಯಿತು ಎಂದುಕೊಂಡರೆ ನಿನ್ನೆ ಬೆಳಿಗ್ಗೆ ಮ್ಯಾನೇಜರು ನಮ್ಮ ಪಾಳಿಯ ನಲವತ್ತು ಜನರನ್ನೂ ಸಾಲಾಗಿ ನಿಲ್ಲಿಸಿದರು. ಮೇಜಿನ ಮೇಲೆ ಒಂದು ದೊಡ್ಡ ಹಾಳೆ. "ಇನ್ನು ಮುಂದೆ ಯಂತ್ರದಲ್ಲಿ ಏನೇ ಅನಾಹುತವಾದರೂ ಅದಕ್ಕೆ ಅಲ್ಲಿ ನಿಂತು ಕೆಲಸ ಮಾಡುತ್ತಿದ್ದವರೇ ಹೊಣೆ." ಅದರ ಕೆಳಗೆ ಒಬ್ಬೊಬ್ಬರ ಹೆಸರು, ಪ್ರತಿ ಹೆಸರಿನ ಮುಂದೆ "ಓದಿ ಒಪ್ಪಿದ್ದೇನೆ" ಎಂದು ಅಚ್ಚು ಹಾಕಿಸಿದ್ದರು. ಸಹಿ ಮಾಡಿದರೆ ಮುಗಿಯಿತು.

ನನ್ನನ್ನು ಬೇಕೆಂದೇ ಮೊದಲು ಕರೆದರು. ಆ ಎರಡು ಪದವನ್ನೇ ನೋಡುತ್ತಾ ನಿಂತೆ. ಓದಿ ಒಪ್ಪಿದ್ದೇನೆ. ಎಷ್ಟು ನುಣ್ಣಗೆ ಸೇರಿಸಿದ್ದಾರೆ ನೋಡು, ಓದಿದವರೆಲ್ಲ ಒಪ್ಪಲೇಬೇಕು ಎನ್ನುವ ಹಾಗೆ! ನಾನು ಅದರ ಮೇಲೆ ಅಡ್ಡಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: "ಓದಿದ್ದೇನೆ. ಒಪ್ಪಿಲ್ಲ." ಸಹಿ ಹಾಕಿದೆ.

"ಏನಿದು?" ಅಂದರು ಮ್ಯಾನೇಜರು.

"ಎರಡು ವಾಕ್ಯ ಸಾರ್."

"ಕೆಲಸ ಬೇಕೋ ಬೇಡ್ವೋ ನಿನಗೆ?"

"ಬೇಕು ಸಾರ್. ಇದನ್ನ ಒಪ್ಪಿಲ್ಲ ಸಾರ್."

ಕೊನೆಗೆ ಮೂವತ್ತೊಂದು ಜನ ಹಾಗೇ ಬರೆದರು. ಒಂಬತ್ತು ಜನ ಅಚ್ಚಾದದ್ದಕ್ಕೇ ಸಹಿ ಹಾಕಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ನನಗೆ ಹೆದರಿಕೆ ಎಂದರೆ ಏನೆಂದು ಗೊತ್ತು. ಹಾಳೆಯನ್ನು ಮ್ಯಾನೇಜರು ಒಳಗೆ ತೆಗೆದುಕೊಂಡು ಹೋಗಿದ್ದಾರೆ, ಇನ್ನೂ ಏನೂ ಹೇಳಿಲ್ಲ. ಹೇಳಿದಾಗ ನೋಡಿಕೊಳ್ಳೋಣ.

ನಿನಗೆ ಹೇಳಬೇಕೆಂದು ಕೂತದ್ದು ಎರಡನೇ ಸರದಿಯ ಮಾತು. ನನ್ನ ಹಿಂದೆ ನಿಂತಿದ್ದವಳು ಗುಬ್ಬಿ. ಅವಳು ಕೆಲಸಕ್ಕೆ ವಾಪಸು ಬಂದ ಮೊದಲ ದಿನ ಅದು. ಬಲಗೈಯನ್ನು ಎದೆಗೆ ಒತ್ತಿಕೊಂಡು, ಎಡಗೈಯಲ್ಲಿ ಪೆನ್ನು ತೆಗೆದುಕೊಂಡಳು. ಆ ಕೈಯಲ್ಲಿ ಅವಳು ಇನ್ನೂ ಅಕ್ಷರ ಕಲಿಯುತ್ತಿದ್ದಾಳೆ. ನಾಲಿಗೆ ಕಚ್ಚಿಕೊಂಡು, ಒಂದೊಂದೇ ಗೆರೆ ಎಳೆದು, "ಓ" ಬರೆಯುವುದಕ್ಕೇ ಎಷ್ಟೋ ಹೊತ್ತಾಯಿತು. ನಾನು ಹಾಳೆ ಜಾರದಂತೆ ಹಿಡಿದುಕೊಂಡೆ.

ಮ್ಯಾನೇಜರು ಗಡಿಯಾರ ನೋಡಿದರು. "ಬೇಗ ಬೇಗ ಬರೀಮ್ಮ. ಅಲ್ಲಿ ಯಂತ್ರ ಕಾಯ್ತಿದೆ."

ಗುಬ್ಬಿ ತಲೆ ಎತ್ತಲಿಲ್ಲ.

"ಕಾಯ್ಲಿ ಬಿಡಿ ಸಾರ್" ಅಂದಳು.

ಮೊಂಡಿ